ಎರಿಭೂತ ಕೂತ ಹೊಲದಲ್ಲಿ ಒಡ್ಡು ಹಾಕಿದ್ದು

ನೆಲದ ಮಟ್ಟ ಅಳೆಯುವ ಡಂಪಿ ಲೆವೆಲ್ಲಿನ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಆ ಬೆಳಿಗ್ಗೆ ನಾನು ಕಂಡದ್ದೂ ಹಾಗೆಯೇ. ಅಳತೆಯ ಪಟ್ಟಿ ಹಿಡಿದ ನಮ್ಮ ಆಳು ತಲೆ ಕೆಳಗಾಗಿ ನಿಂತಿದ್ದ. ಅವನ ಮುಂದೆ ನೆಲದಿಂದ ಏನೋ ದೊಡ್ಡದು ಎದ್ದು, ಕಾಲು ಮೇಲೆ ಬೆನ್ನು ಕೆಳಗೆ ಮಾಡಿಕೊಂಡು, ಅವಸರವೇ ಇಲ್ಲದೆ ನಡೆದು ಹೋಯಿತು. ಯಂತ್ರದಿಂದ ಕಣ್ಣು ತೆಗೆದು ನೋಡಿದೆ. ಸೊಂಟದೆತ್ತರದ ಹಕ್ಕಿ. ತಲೆಯ ಮೇಲೆ ಕರಿ ಟೋಪಿ, ಉದ್ದನೆಯ ಬೂದು ಕುತ್ತಿಗೆ, ಒಣಗಿದ ಜೋಳದ ಕಣಿಕೆಯ ಬಣ್ಣದ ಬೆನ್ನು. ಸ್ವಲ್ಪ ದೂರ ಹೋಗಿ ನಿಂತು ನಮ್ಮ ಕಡೆ ತಿರುಗಿತು.

"ಸಾಹೇಬ್ರ, ಇಲ್ಲಿ ಗೂಟ ಬಡಿಯಾಕ ಆಗಂಗಿಲ್ರಿ," ಎಂದು ಆಳು ಕೂಗಿದ.

"ಯಾಕ? ಕಲ್ಲು ಐತೇನು?"

"ತತ್ತಿ ಐತ್ರಿ."

ಹೋಗಿ ನೋಡಿದೆ. ಗೂಡು ಎನ್ನುವಂಥದ್ದು ಏನೂ ಇರಲಿಲ್ಲ. ಬಿರುಕು ಬಿಟ್ಟ ಕಪ್ಪು ನೆಲದಲ್ಲಿ ಸ್ವಲ್ಪ ತಗ್ಗು, ಅದರಲ್ಲಿ ಅಂಗೈ ತುಂಬುವಷ್ಟು ದೊಡ್ಡ ಒಂದೇ ಮೊಟ್ಟೆ. ಮಣ್ಣುಹಸಿರು ಬಣ್ಣ, ಮೇಲೆ ಕಂದು ಮಚ್ಚೆ. ಇನ್ನೆರಡು ಹೆಜ್ಜೆ ಇಟ್ಟಿದ್ದರೆ ಅವನ ಕಾಲಡಿಗೇ ಬರುತ್ತಿತ್ತು.

ತಾಂಬಾದ ಹೊಲಗಳಲ್ಲಿ ನಾನಾಗ ಒಡ್ಡು ಹಾಕಿಸುವ ಓವರಸೀಯರ್. ರಾಜ್ಯ ಒಂದಾಗಿ ಹೆಚ್ಚು ಕಾಲವಾಗಿರಲಿಲ್ಲ. ಜೋಳ ಕಿತ್ತು, ಕುಸುಬೆ ಕೊಯ್ದು ಹೊಲ ಬರಿದಾದ ಮೇಲೆ ಮಳೆ ಬೀಳುವ ತನಕ ನಮ್ಮ ಕೆಲಸದ ಕಾಲ. ಇಳಿಜಾರಿನ ಹೊಲದಲ್ಲಿ ಒಂದೇ ಮಟ್ಟದಲ್ಲಿರುವ ಜಾಗಗಳನ್ನು ಯಂತ್ರದಿಂದ ಹುಡುಕಿ, ಗೂಟ ಬಡಿದು, ಆ ಗೆರೆಯ ಮೇಲೆ ಮಣ್ಣಿನ ಒಡ್ಡು ಏರಿಸುವುದು. ಒಡ್ಡಿಗೆ ಬೇಕಾದ ಮಣ್ಣನ್ನು ಮೇಲುಗಡೆ ಗುಂಡಿ ತೋಡಿ ತೆಗೆಯುವುದು. ಮಳೆಯ ನೀರು ಓಡುವ ಬದಲು ಒಡ್ಡಿಗೆ ತಡೆದು ನಿಂತು ಇಂಗಬೇಕು. ಗೆರೆ ತಪ್ಪಿದರೆ ನೀರೆಲ್ಲ ತಗ್ಗಿನ ಕಡೆ ಸೇರಿ ಒಡ್ಡನ್ನೇ ಒಡೆಯುತ್ತದೆ.

ಮೊಟ್ಟೆ ಆ ಗೆರೆಯ ಮೇಲೇ ಇತ್ತು.

ಹೊಲದ ಮಾಲಕರು ಬದುವಿನ ಬೇವಿನ ನೆರಳಿನಿಂದ ಎದ್ದು ಬಂದರು. ವಯಸ್ಸಾದ ಮುಸಲ್ಮಾನ ಒಕ್ಕಲಿಗರು, ಊರಿಗೆಲ್ಲ ಚಾಚಾ. ಯುಗಾದಿ ಆಗಷ್ಟೇ ಮುಗಿದಿತ್ತು, ರಂಜಾನ್ ಸುರುವಾಗಿತ್ತು. ಉಪವಾಸದ ಒಣ ತುಟಿಯಲ್ಲೇ ಮೆಲ್ಲಗೆ ಮಾತಾಡಿದರು.

"ಎರಿಭೂತರಿ ಸಾಹೇಬ್ರ. ನಮ್ಮ ಅಪ್ಪನ ಕಾಲದಾಗ ಹಿಂಡಗಟ್ಲೆ ಬರ್ತಿದ್ವು. ಮಿಡಚಿ, ಹುಳಾ ತಿಂದು ಹೊಲಾ ಸ್ವಚ್ಛ ಮಾಡ್ತಾವ. ಈಗ ನಾಕೈದು ವರ್ಷದ ಮ್ಯಾಲ ಇದೊಂದು ಬಂದೈತಿ. ಒಂದ ತತ್ತಿ ಇಡ್ತೈತ್ರಿ. ಅದು ಹೋತಂದ್ರ ಹೋತು."

"ಮತ್ತ ಏನ್ ಮಾಡೂಣ್ರಿ ಚಾಚಾ?"

"ನೀವು ಹೇಳ್ರಿ. ಯಂತ್ರ ನಿಮ್ಮದ ಐತಿ."

ಹೇಳುವುದು ಸುಲಭವಿರಲಿಲ್ಲ. ಈ ಒಡ್ಡು ಇರುವುದು ಚಾಚಾನ ಹೊಲದಲ್ಲಿ, ಆದರೆ ಅದರ ಉಪಯೋಗ ಹೆಚ್ಚಾಗಿ ಕೆಳಗಿನ ಹೊಲಕ್ಕೆ. ಆ ಹೊಲ ಒಬ್ಬ ಗೌಡಸಾನಿಯದು. ಗಂಡ ತೀರಿಕೊಂಡ ಮೇಲೆ ಒಕ್ಕಲುತನವನ್ನು ತಾನೇ ನಡೆಸುತ್ತಿದ್ದ ಗಟ್ಟಿ ಹೆಂಗಸು. ಹಿಂದಿನ ಮುಂಗಾರಿನಲ್ಲಿ ಮೇಲಿನ ನೀರು ನುಗ್ಗಿ ಅವರ ಹೊಲದ ನಡುವೆ ಕೊರಕಲು ಬಿದ್ದಿತ್ತು. ಒಡ್ಡು ಬೇಕೆಂದು ಮೊದಲು ಅರ್ಜಿ ಕೊಟ್ಟವರೂ ಅವರೇ. ಸುದ್ದಿ ಮುಟ್ಟಿದ ಕೂಡಲೇ ಸೆರಗು ಬಿಗಿದುಕೊಂಡು ಬಂದರು.

"ತಮ್ಮಾ, ನಾನೇನು ಹಕ್ಕಿ ಕೊಲ್ಲು ಅನ್ನಂಗಿಲ್ಲ," ಎಂದರು. "ಆದ್ರ ಒಡ್ಡು ನಡುವ ಬಿಟ್ಟಿ ಅಂದ್ರ, ಎರಡೂ ಕಡಿ ನೀರು ಆ ಖಾಲಿ ಹುಡಿಕ್ಕೊಂಡು ಬಂದು ನನ್ನ ಹೊಲಕ್ಕ ಬೀಳ್ತೈತಿ. ಒಡ್ಡು ಇಲ್ಲದ್ದಕ್ಕಿಂತ ಕೆಟ್ಟ ಆಗ್ತೈತಿ. ಹೌದೋ ಅಲ್ಲೋ?"

ಅವರು ಹೇಳಿದ್ದು ಸರಿಯಾಗಿತ್ತು. ಹೌದೆಂದೆ.

ಚಾಚಾ ಹೇಳಿದರು: "ತಂಗೀ, ಈಗಿನ್ನಾ ಚೈತ್ರ. ಮಳಿ ದೂರ ಐತಿ."

"ದೂರ ಇದ್ದದ್ದು ಬರಾಕ ಎಷ್ಟೊತ್ತಣ್ಣಾ?"

ಕೊನೆಗೆ ಒಂದು ಒಪ್ಪಂದವಾಯಿತು. ಎರಡೂ ತುದಿಗಳಿಂದ ಕೆಲಸ ನಡೆಸಿ, ನಡುವೆ ಹಕ್ಕಿ ಕೂತಷ್ಟು ಭಾಗವನ್ನು ಕೊನೆಗೆ ಇಟ್ಟುಕೊಳ್ಳುವುದು. ಮರಿ ಆಗಿ ಹೋದ ಮೇಲೆ ಮುಚ್ಚುವುದು. ಗೌಡಸಾನಿ ಒಂದು ಷರತ್ತು ಹಾಕಿದರು. "ನನ್ನ ಹೊಲಕ್ಕ ಒಮ್ಮಿ ನೀರು ಬಿತ್ತಂದ್ರ, ಮರುದಿನಾನ ಆ ಖಾಲಿ ಮುಚ್ಚಬೇಕು. ಹಕ್ಕಿ ಇರಲಿ, ಹೋಗಲಿ. ಮಾತು ಕೊಡು." ಮಾತು ಕೊಟ್ಟೆ.

ಮಣ್ಣು ಕೆಲಸದ ತಂಡದಲ್ಲಿ ಒಬ್ಬ ಹಿರಿಯ ಹೆಂಗಸಿದ್ದಳು, ತಂಡದ ಮುಖಂಡನ ಅತ್ತೆ. ಬೆನ್ನು ಹಿಡಿದುಕೊಂಡು ಬುಟ್ಟಿ ಹೊರಲಾಗದೆ ಕುಡಿಯುವ ನೀರು ಕೊಡುವ ಕೆಲಸ ಮಾಡುತ್ತಿದ್ದಳು. ಅವಳನ್ನು ಹಕ್ಕಿ ಕಾಯಲು ಕೂರಿಸಿದೆ. ಚಕ್ಕಡಿಯೊಂದನ್ನು ದೂರದಲ್ಲಿ ನಿಲ್ಲಿಸಿ ಅದರ ನೆರಳಲ್ಲಿ ಕೂತು, ದನ, ಆಡು, ನಾಯಿ ಆ ಕಡೆ ಬರದಂತೆ ನೋಡಿಕೊಳ್ಳುವುದು ಅವಳ ಕೆಲಸ. ಮೊದಲ ದಿನ ನಕ್ಕಳು. "ಹೊಲಾ ಕಾದೇನಿ, ಕೂಸು ಕಾದೇನಿ. ಹಕ್ಕಿ ಕಾಯೂದು ಇದ ಮೊದಲರಿ," ಎಂದಳು.

ಕೆಲವೇ ದಿನಗಳಲ್ಲಿ ಅವಳ ಚಕ್ಕಡಿಯ ನೆರಳು ಊರಿನ ಕಟ್ಟೆಯಾಯಿತು. ಹೊಲಕ್ಕೆ ಹೋಗುವವರು ಅಲ್ಲಿ ನಿಂತು ಒಮ್ಮೆ ನೋಡಿ ಮುಂದೆ ಹೋಗುತ್ತಿದ್ದರು. ಮೊದಮೊದಲು ಯಾರಿಗೂ ಹಕ್ಕಿ ಕಾಣುತ್ತಿರಲಿಲ್ಲ. ಕೂತಾಗ ಅದು ಒಂದು ಮಣ್ಣಹೆಂಟೆ ಅಷ್ಟೆ. "ಅಲ್ಲಿ ನೋಡ್ರಿ, ಆ ಬಿಳಿ ಕಲ್ಲಿನ ಎಡಕ್ಕ, ಕುತಗಿ ಹೊಳ್ಳಿಸಿತು ನೋಡ್ರಿ," ಎಂದು ಅವಳು ತೋರಿಸಿದರೆ, ಕಂಡವರ ಮುಖ ಒಮ್ಮೆಲೇ ಬಿಚ್ಚಿಕೊಳ್ಳುತ್ತಿತ್ತು. ಬೆಳಿಗ್ಗೆ ಬಿಸಿಲು ಏರುವ ಮೊದಲು ಮತ್ತು ಸಂಜೆ ಹಕ್ಕಿ ಎದ್ದು ಮೇಯಲು ಹೋಗುತ್ತದೆ, ಹೋಗುವಾಗ ನೆಟ್ಟಗೆ ಹೋಗದೆ ಬಗ್ಗಿಕೊಂಡು ಬಳಸಿ ಹೋಗುತ್ತದೆ, ಬರುವಾಗಲೂ ಬೇರೆಲ್ಲೋ ಕೂರುವಂತೆ ಮಾಡಿ ಆಮೇಲೆ ಗೂಡಿಗೆ ಬರುತ್ತದೆ ಎಂದೆಲ್ಲ ಎಲ್ಲರಿಗೂ ತಿಳಿಯಿತು. ಅದು ಮೇಯಲು ಹೋದ ಹೊತ್ತಿನಲ್ಲಿ ಕಾಗೆಯ ಭಯ. ಆ ಹೊತ್ತಿಗೆ ಚಾಚಾ ಬದುವಿನ ಮೇಲೆ ಅಡ್ಡಾಡುತ್ತ ಕವಣೆ ಬೀಸುತ್ತಿದ್ದರು. ನಡುಮಧ್ಯಾಹ್ನದ ಉರಿಯಲ್ಲಿ ಹಕ್ಕಿ ಎದ್ದುನಿಂತು ರೆಕ್ಕೆ ಬಿಡಿಸಿ ಮೊಟ್ಟೆಗೆ ನೆರಳು ಮಾಡುತ್ತಿತ್ತು. ಬಾಯಿ ತೆರೆದು ಏದುಸಿರು ಬಿಡುವುದು ಅಷ್ಟು ದೂರಕ್ಕೂ ಕಾಣುತ್ತಿತ್ತು. ಚಾಚಾ ಅದನ್ನೇ ನೋಡುತ್ತ ಒಮ್ಮೆ ಹೇಳಿದರು: "ಅದಕೂ ರೋಜಾ ಐತ್ರಿ."

ಊರಲ್ಲಿ ಯಾರು ಎದುರಾದರೂ "ಹಕ್ಕಿ ಹೆಂಗೈತ್ರಿ?" ಎಂದೇ ಕೇಳುವಂತಾಯಿತು. ಕುರಿ ಕಾಯುವವರು ತಾವಾಗಿಯೇ ದಾರಿ ಬದಲಿಸಿ ಹಳ್ಳದ ಕಡೆಯಿಂದ ಹೋಗತೊಡಗಿದರು. ಗೌಡಸಾನಿ ಮಾತ್ರ ಚಕ್ಕಡಿಯ ಹತ್ತಿರ ಬರಲಿಲ್ಲ. ತಮ್ಮ ಹೊಲದಲ್ಲೇ ನಿಂತು ನಮ್ಮ ಒಡ್ಡಿನ ಎರಡು ತುದಿಗಳು ಹತ್ತಿರವಾಗುವುದನ್ನು ನೋಡಿ ಹೋಗುತ್ತಿದ್ದರು.

ಒಂದು ಮಧ್ಯಾಹ್ನ ನಮ್ಮ ತಾಲೂಕಿನ ಊರಾದ ಇಂಡಿಯ ದಾರಿಯಿಂದ ಜೀಪೊಂದು ಬಂದು ಅವರ ಹೊಲದ ಅಂಚಿನಲ್ಲಿ ನಿಂತಿತು. ಒಳಗೆ ಬಂದೂಕು ಹಿಡಿದ ಇಬ್ಬರು. ನಾನು ಒಡ್ಡಿನ ತುದಿಯಿಂದ ಇಳಿದು ಓಡಿದೆ. ಮುಟ್ಟುವಷ್ಟರಲ್ಲಿ ಗೌಡಸಾನಿ ಮಾತಿಗೆ ನಿಂತಾಗಿತ್ತು.

"ಎರಿಭೂತ ಇಲ್ಲೆ ಅದಾವಂತ ಕೇಳಿದ್ವಿ," ಎಂದ ಅವರಲ್ಲೊಬ್ಬ.

"ಇದ್ವು. ಈ ಮಣ್ಣಗೆಲಸದ ಗದ್ದಲಕ್ಕ ಎದ್ದು ಹ್ವಾದ್ವು ನೋಡ್ರಿ. ಕಾಣಂಗಿಲ್ಲೇನ್ರಿ, ಎಷ್ಟು ಮಂದಿ ಅದಾರ," ಎಂದು ನಮ್ಮ ಕಡೆ ಕೈ ತೋರಿಸಿದರು. "ಝಳಕಿ ಕಡೆ ಹೋಗ್ರಿ. ನಿನ್ನಿ ನಮ್ಮ ಆಳು ಅಲ್ಲೆ ಕಂಡಿದ್ದ."

ಜೀಪು ತಿರುಗಿ ಧೂಳೆಬ್ಬಿಸಿ ಹೋಯಿತು. ನಾನು ಏದುಸಿರು ಬಿಡುತ್ತ ನಿಂತಿದ್ದೆ.

"ಝಳಕ್ಯಾಗ ನಿಜವಾಗೂ ಅದಾವೇನ್ರಿ ಅವ್ವಾರ?"

"ಝಳಕ್ಯಾಗ ಏನೈತಿ? ದೊಡ್ಡ ರಸ್ತಾ ಐತಿ, ಚಾದ ಅಂಗಡಿ ಅದಾವ. ಚಾ ಕುಡದು ಹೋಗ್ತಾರ ಬಿಡು." ಆಮೇಲೆ ಚಾಚಾನ ಹೊಲದ ಕಡೆ ತಿರುಗಿ ಕೇಳಿದರು: "ಎಲ್ಲೈತಿ ಅದು? ನನಗ ಇಲ್ಲಿಂದ ಕಾಣವಲ್ದು."

ಚಕ್ಕಡಿಯ ಬಳಿ ಕರೆದುಕೊಂಡು ಹೋದೆ. ಕಾವಲಿನ ಹಿರಿಯಳು ತೋರಿಸಿದಳು. ಗೌಡಸಾನಿ ಬಹಳ ಹೊತ್ತು ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನೋಡಿದರು. ಆಮೇಲೆ ಮನೆಗೆ ಹೋದರು.

ಅಶ್ವಿನಿ ಮಳೆ ನಮ್ಮ ಕಡೆ ಹನಿ ಉದುರಿಸಿ ಹೋದರೂ ಹೋಯಿತು, ಇಲ್ಲದಿದ್ದರೂ ಇಲ್ಲ. ಆ ವರ್ಷ ಹಾಗಾಗಲಿಲ್ಲ. ಒಂದು ಸಂಜೆ ಮುಗಿಲು ಕಪ್ಪಾಗಿ, ಧೂಳಿನ ಗಾಳಿ ಎದ್ದು, ಅದರ ಹಿಂದೆಯೇ ಆಲಿಕಲ್ಲು ಬೆರೆತ ಮಳೆ ಸುರಿಯಿತು. ನಾವು ಊರ ಚಾವಡಿಗೆ ಓಡಿದೆವು. ಕಾವಲಿನ ಹಿರಿಯಳು ಒಂದೇ ಸಮನೆ ಹೊಲದ ದಿಕ್ಕಿಗೆ ನೋಡುತ್ತಿದ್ದಳು.

ಬೆಳಗಾಗುತ್ತಲೇ ಕೆಸರಿನಲ್ಲಿ ಕಾಲು ಕೀಳುತ್ತ ಹೋದೆವು. ಎರೆ ಮಣ್ಣು ಅಂಟಿ ಚಪ್ಪಲಿ ಕಲ್ಲಿನ ಭಾರವಾಗಿತ್ತು, ಬಿಚ್ಚಿ ಕೈಯಲ್ಲಿ ಹಿಡಿದೆ. ಗೌಡಸಾನಿ ಹೇಳಿದಂತೆಯೇ ಆಗಿತ್ತು. ಒಡ್ಡಿನ ಎರಡು ತೋಳುಗಳು ತಡೆದ ನೀರೆಲ್ಲ ಖಾಲಿ ಜಾಗಕ್ಕೆ ಬಂದು, ಅದರ ಪೂರ್ವದ ಅಂಚಿನಿಂದ ಧುಮುಕಿ, ಕೆಳಗಿನ ಹೊಲದ ಹಣೆಯನ್ನು ಸೀಳಿತ್ತು. ಹಳೆಯ ಕೊರಕಲಿನ ಪಕ್ಕದಲ್ಲಿ ಹೊಸದೊಂದು ಬಾಯಿ ತೆರೆದಿತ್ತು. ಮೊಟ್ಟೆ ಇದ್ದ ಕಡೆ ನೆಲ ಒಂದಿಷ್ಟು ಉಬ್ಬಿದ್ದರಿಂದ ನೀರು ಅದನ್ನು ಬಿಟ್ಟು ಹರಿದಿತ್ತು. ಹಕ್ಕಿ ಅಲ್ಲೇ ಇತ್ತು. ಗರಿಗಳು ಮೈಗೆ ಅಂಟಿ, ಕುತ್ತಿಗೆ ತೆಳ್ಳಗಾಗಿ, ಅರ್ಧಕ್ಕರ್ಧ ಸಣ್ಣದಾದಂತೆ ಕಾಣುತ್ತಿತ್ತು. ಆಲಿಕಲ್ಲಿನ ಏಟು ತಿಂದೂ ಎದ್ದಿರಲಿಲ್ಲ.

ಗೌಡಸಾನಿ ಹೊಸ ಕೊರಕಲಿನ ಅಂಚಿನಲ್ಲಿ ನಿಂತಿದ್ದರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಮಾತು ಕೊಟ್ಟಿದ್ದಿ ತಮ್ಮಾ," ಎಂದರು ಅಷ್ಟೆ.

"ಹೌದ್ರಿ. ಇವತ್ತು ಮುಚ್ಚತೇನಿ."

ಹೇಳಿದೆನೇ ಹೊರತು ಹೇಗೆಂದು ನನಗೆ ಗೊತ್ತಿರಲಿಲ್ಲ. ಚಾಚಾನ ಮುಖ ನೋಡುವುದಕ್ಕೆ ಧೈರ್ಯ ಬರಲಿಲ್ಲ. ಯಂತ್ರವನ್ನು ಹೊರಿಸಿಕೊಂಡು ಹೋಗಿ ಮೇಲ್ಗಡೆ ನಿಲ್ಲಿಸಿದೆ. ಕೆಲಸವಿಲ್ಲದೆ ಕೂತರೆ ಆಗುತ್ತಿರಲಿಲ್ಲ, ಅದಕ್ಕೆ ಸುಮ್ಮನೆ ಖಾಲಿ ಜಾಗದ ಸುತ್ತ ಮಟ್ಟ ತೆಗೆಯತೊಡಗಿದೆ. ಆಳು ಪಟ್ಟಿ ಹಿಡಿದು ಒಂದೊಂದೇ ಜಾಗದಲ್ಲಿ ನಿಂತ. ಅಂಕಿಗಳನ್ನು ಬರೆಯುತ್ತಿದ್ದಂತೆ ಕಲಿತಿದ್ದ ಒಂದು ಮಾತು ಬೇರೆ ರೀತಿಯಲ್ಲಿ ಹೊಳೆಯಿತು. ಒಡ್ಡು ಗೆರೆ ಬಿಟ್ಟು ಕೆಳಗೆ ಸರಿದರೆ ಅಪಾಯ, ಅಲ್ಲಿ ನೀರು ಆಳವಾಗಿ ನಿಲ್ಲುತ್ತದೆ. ಮೇಲಕ್ಕೆ ಸರಿದರೆ ನೆಲವೇ ಎತ್ತರ, ಒಡ್ಡು ಗಿಡ್ಡದಾದರೂ ಸಾಕು. ನೆತ್ತಿ ಮಾತ್ರ ಎರಡು ತೋಳುಗಳ ನೆತ್ತಿಗೆ ಸಮವಾಗಿರಬೇಕು. ಹಕ್ಕಿಯನ್ನು ಕೆಳಗೆ ಬಿಟ್ಟು, ಅದರ ಮೇಲ್ಗಡೆಯಿಂದ ಬಿಲ್ಲಿನಂತೆ ಒಡ್ಡನ್ನು ಬಾಗಿಸಿ ತಂದು ಎರಡು ತೋಳುಗಳನ್ನು ಕೂಡಿಸಿದರೆ ನೀರು ಮೇಲೇ ನಿಲ್ಲುತ್ತದೆ. ಹಕ್ಕಿಗೂ ನೀರಿಲ್ಲ, ಗೌಡಸಾನಿಯ ಹೊಲಕ್ಕೂ ನೀರಿಲ್ಲ.

ತೊಡಕು ಎರಡಿದ್ದವು. ಮಂಜೂರಾದ ಗೆರೆಯನ್ನು ಇಂಡಿ ಕಚೇರಿಯ ನಮ್ಮ ದೊಡ್ಡ ಸಾಹೇಬರನ್ನು ಕೇಳದೆ ಬದಲಿಸುವ ಅಧಿಕಾರ ನನಗಿರಲಿಲ್ಲ. ಅವರನ್ನು ಕೇಳಿ ಉತ್ತರ ಬರುವುದರೊಳಗೆ ಇನ್ನೊಂದು ಮಳೆ ಬಂದರೆ ಎಲ್ಲ ಮುಗಿದಂತೆ. ಮತ್ತೆ, ಬಾಗಿದ ಒಡ್ಡು ಮತ್ತು ಅದರ ಗುಂಡಿಗಳು ಚಾಚಾನ ಒಳ್ಳೆಯ ಮಣ್ಣನ್ನು ಇನ್ನಷ್ಟು ತಿನ್ನುತ್ತಿದ್ದವು.

ಮೊದಲು ಚಾಚಾನನ್ನು ಕೇಳಿದೆ.

"ತಿನ್ನಲಿ ಬಿಡ್ರಿ," ಎಂದರು. "ಮಣ್ಣು ಎಲ್ಲಿ ಹೋಗ್ತೈತಿ? ನನ್ನ ಹೊಲದಾಗ ಇರ್ತೈತಿ. ಹರದು ಹೋದ್ರ ಹಳ್ಳಕ್ಕ ಹೋಗೂದು."

ಎರಡನೆಯದನ್ನು ನಾನೇ ತೀರ್ಮಾನಿಸಿದೆ. ಸಾಹೇಬರಿಗೆ ಒಂದು ಚೀಟಿ ಬರೆದು ಇಂಡಿಗೆ ಹೋಗುವವರ ಕೈಯಲ್ಲಿ ಕೊಟ್ಟೆ. ಅಪ್ಪಣೆ ಕೇಳಿರಲಿಲ್ಲ, ಮಾಡುತ್ತಿದ್ದೇನೆ ಎಂದು ತಿಳಿಸಿದ್ದೆ. ಚೀಟಿ ಹೋದ ಕೂಡಲೇ ಗೂಟ ಬಡಿಸತೊಡಗಿದೆ.

ಹಕ್ಕಿ ಏಳದಂತೆ ಎಷ್ಟು ಹತ್ತಿರದಲ್ಲಿ ಕೆಲಸ ಮಾಡಬಹುದು ಎಂಬುದಕ್ಕೆ ಯಾವ ಕೋಷ್ಟಕವೂ ಇರಲಿಲ್ಲ. ಅದನ್ನು ಕಾವಲಿನ ಹಿರಿಯಳೇ ನೋಡಬೇಕಾಯಿತು. ಅವಳ ಕೈಯಲ್ಲಿ ಒಂದು ಕೆಂಪು ಅರಿವೆ. ಹಕ್ಕಿ ಕುತ್ತಿಗೆ ಎತ್ತಿದರೆ ಅರಿವೆ ಮೇಲೆ, ನಾವೆಲ್ಲ ನಿಂತಲ್ಲೇ ಕೂರುವುದು. ಕುತ್ತಿಗೆ ಇಳಿದರೆ ಅರಿವೆ ಕೆಳಗೆ, ಮತ್ತೆ ಗುದ್ದಲಿ. ಗೂಟಗಳನ್ನು ಎರಡು ಸಲ ಮೇಲಕ್ಕೆ ಸರಿಸಿದ ಮೇಲೆ ಹಕ್ಕಿ ಒಪ್ಪಿತು. ಸದಾ ಹಾಡಿನ ಮೇಲೆ ಬುಟ್ಟಿ ಸಾಗಿಸುತ್ತಿದ್ದ ತಂಡ ಬಾಯಿ ಮುಚ್ಚಿಕೊಂಡಿತು. ಹೆಂಟೆ ಒಡೆಯುವ ಸಪ್ಪಳವೂ ಬೇಡವೆಂದು ಹಸಿ ಮಣ್ಣನ್ನು ಕಾಲಿನಿಂದ ತುಳಿದೇ ಕೂಡಿಸಿದರು. ಹೆಂಗಸರು ಬುಟ್ಟಿಯನ್ನು ಎಸೆಯದೆ, ಮಲಗಿದ ಕೂಸಿನ ಪಕ್ಕ ಇಡುವಂತೆ ಇಟ್ಟು ಬೋರಲು ಮಾಡುತ್ತಿದ್ದರು. ಕೆಲಸ ಆಮೆಯಂತೆ ಸಾಗಿತು. ಅದನ್ನು ನೋಡಲಾರದೆ ಗೌಡಸಾನಿ ತಮ್ಮ ಮನೆಯ ಆಳುಗಳನ್ನೂ ಕಳಿಸಿದರು.

"ನನ್ನ ಹೊಲದ ಚಿಂತಿಗೆ ಕಳಿಸೇನಿ, ಮತ್ತ ಹಕ್ಕೀಗಲ್ಲ," ಎಂದು ಹೇಳಿಕಳಿಸಿದ್ದರು.

ಆ ದಿನಕ್ಕೆ ಮುಗಿಯಲಿಲ್ಲ. ಮರುದಿನವೂ ನಡೆದು, ಸಂಜೆ ಎರಡು ತೋಳುಗಳು ಕೂಡಿದವು. ಕೊಟ್ಟ ಮಾತು ಒಂದು ದಿನ ತಡವಾಗಿತ್ತು. ಗೌಡಸಾನಿ ಅದನ್ನು ಎತ್ತಿ ಆಡಲಿಲ್ಲ.

ಸಾಹೇಬರು ಚೀಟಿ ನೋಡಿ ತಾವೇ ಬಂದರು. ಮುಖ ಬಿಗಿದಿತ್ತು. ನನ್ನೊಡನೆ ಮಾತಾಡದೆ ಯಂತ್ರಕ್ಕೆ ಕಣ್ಣಿಟ್ಟು ಬಾಗಿದ ಒಡ್ಡಿನ ನೆತ್ತಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯ ತನಕ ಪರೀಕ್ಷಿಸಿದರು. ಒಂದು ಕಡೆ ತುಸು ತಗ್ಗು ಸಿಕ್ಕಿತು, ಮಣ್ಣು ಹಾಕಿಸಿದರು. ಆಮೇಲೆ ಟೋಪಿ ತೆಗೆದು ಬೆವರು ಒರೆಸಿಕೊಳ್ಳುತ್ತ ಕೇಳಿದರು: "ಎಲ್ಲಿ ಅದು?" ತೋರಿಸಿದೆವು. ಹೊರಡುವಾಗ ಹೇಳಿದರು: "ಮುಂದಿನ ಸಲ ಮೊದಲು ಕೇಳು. ನಾನೇನು ಬ್ಯಾಡ ಅಂತಿದ್ದೆನೇನು?" ಅನ್ನುತ್ತಿದ್ದರೋ ಇಲ್ಲವೋ, ಅದನ್ನು ನಾನು ಕೇಳಲಿಲ್ಲ.

ರಂಜಾನ್ ಹಬ್ಬದ ದಿನ ಕೆಲಸಕ್ಕೆ ರಜೆ ಕೊಟ್ಟಿದ್ದೆ. ಚಾಚಾನ ಮನೆಯಿಂದ ಇಡೀ ತಂಡಕ್ಕೆ ಹಾಲುಶಾವಿಗೆಯ ಸುರಕುಂಬಾ ಬಂತು. ಗೌಡಸಾನಿಯೂ ತಾಟಿನಲ್ಲಿ ಹೋಳಿಗೆ ಕಳಿಸಿದ್ದರು. ಹಬ್ಬದ ಮರುದಿನ ಇನ್ನೊಂದು ಮಳೆ ಬಂತು, ಹಿಂದಿನದಕ್ಕಿಂತ ಸಣ್ಣದು. ಬಾಗಿದ ಒಡ್ಡಿನ ಮೇಲ್ಗಡೆ ನೀರು ಕನ್ನಡಿಯಂತೆ ನಿಂತಿತು. ಕೆಳಗೆ ನೆಲ ಬರೀ ಒದ್ದೆ.

ಅದಾದ ಮೇಲೆ ಹೆಚ್ಚು ದಿನ ಕಾಯಬೇಕಾಗಲಿಲ್ಲ. ಒಂದು ಬೆಳಿಗ್ಗೆ ಹೊಲ ಮುಟ್ಟುವ ಮೊದಲೇ ಕೆಂಪು ಅರಿವೆ ಮೇಲೆ ಹಾರಾಡುತ್ತಿತ್ತು. ಗೂಡಿನಲ್ಲಿ ಒಡೆದ ಚಿಪ್ಪು ಮಾತ್ರ ಇತ್ತು. ತಾಯಿ ಮರಿಯನ್ನು ಕರೆದುಕೊಂಡು ಒಡ್ಡು ಹತ್ತಿ ಆ ಕಡೆ ಇಳಿದಿತ್ತು, ಊರ ದನ ಮೇಯುವ ಗಾಯರಾನದ ಹುಲ್ಲಿನ ಕಡೆ ಅದರ ದಾರಿ. ಆದರೆ ಒಡ್ಡಿನ ಆಚೆ ನಾವು ಮಣ್ಣು ತೆಗೆದ ಗುಂಡಿಗಳು. ಮರಿ ಅದರಲ್ಲೊಂದಕ್ಕೆ ಬಿದ್ದಿತ್ತು. ಗುಂಡಿಯ ತಳದಲ್ಲಿ ಕೆಸರು, ಪಕ್ಕಗಳು ಗೋಡೆಯಂತೆ ನೆಟ್ಟಗೆ. ಮುಷ್ಟಿಗಾತ್ರದ ಮರಿ ಹತ್ತಲು ಹೋಗಿ ಜಾರುತ್ತಿತ್ತು. ತಾಯಿ ಅಂಚಿನ ಮೇಲೆ ಅತ್ತಿಂದಿತ್ತ ನಡೆಯುತ್ತ ಗಂಟಲಲ್ಲೇ ಕರೆಯುತ್ತಿತ್ತು.

ಯಾರೂ ಮುಂದೆ ಹೋಗಲಿಲ್ಲ. ಹತ್ತಿರ ಹೋದರೆ ತಾಯಿ ಬಿಟ್ಟು ಹಾರಿಹೋದರೆ ಎಂಬ ಭಯ. ಹೋಗದಿದ್ದರೆ ಮರಿ ಬಿಸಿಲು ಏರುವ ತನಕ ಉಳಿಯುತ್ತಿರಲಿಲ್ಲ. ಎತ್ತಿ ಮೇಲೆ ಬಿಡೋಣವೆಂದ ಮುಖಂಡ. ಮನುಷ್ಯನ ಕೈ ತಾಗಿದ್ದನ್ನು ತಾಯಿ ಸೇರಿಸುವುದೋ ಇಲ್ಲವೋ ಎಂದರು ಚಾಚಾ. ನಾವು ಹೀಗೆ ಪಿಸುಗುಡುತ್ತಿರುವಾಗ ಗೌಡಸಾನಿ ಮುಖಂಡನ ಕೈಯಿಂದ ಸಲಿಕೆ ತೆಗೆದುಕೊಂಡು ನಡೆದುಬಿಟ್ಟರು.

ತಾಯಿ ರೆಕ್ಕೆ ಬಿಚ್ಚಿ, ಕುತ್ತಿಗೆ ಉಬ್ಬಿಸಿ ಎದುರಿಗೆ ಬಂತು. ಗೌಡಸಾನಿ ನಿಂತರು. ಅದೂ ನಿಂತಿತು.

"ನಿಲ್ಲವಾ, ನಿಲ್ಲು. ನಿನ್ನ ಕೂಸಿನ ಮೈ ಮುಟ್ಟಂಗಿಲ್ಲ," ಎಂದು ಅವರು ಹೇಳುವುದು ನಮಗೂ ಕೇಳಿಸಿತು. "ಸ್ವಲ್ಪ ದಾರಿ ಮಾಡಿಕೊಟ್ಟು ಹೋಗ್ತೇನಿ. ನಿಂದೂ ಸಂಸಾರ, ನಂದೂ ಸಂಸಾರ. ಸ್ವಲ್ಪ ಅತ್ತಾಗ ಸರಿ."

ಹಕ್ಕಿ ಸರಿಯಿತು. ಅವರು ಮರಿಯಿಂದ ದೂರದ ಮೂಲೆಯಲ್ಲಿ ಗುಂಡಿಯ ಅಂಚನ್ನು ಸಲಿಕೆಯಿಂದ ಸೀಳಿ, ಮಣ್ಣನ್ನು ಒಳಗೇ ಕೆಡವಿ, ಕಾಲಿನಿಂದ ತುಳಿದು ಇಳಿಜಾರು ಮಾಡಿದರು. ಮಣ್ಣಿನ ಕೆಲಸ ಮಾಡಿದ ಕೈಯಲ್ಲ, ಹೊಲ ಮಾಡಿದ ಕೈ. ಸೀರೆಯ ಅಂಚೆಲ್ಲ ಕೆಸರಾಯಿತು. ಆಮೇಲೆ ಬೆನ್ನು ತೋರಿಸದೆ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟು ನಮ್ಮ ಬಳಿ ಬಂದು ಕೂತರು. ಉಸಿರು ಜೋರಾಗಿ ಬರುತ್ತಿತ್ತು.

ಎಲ್ಲರೂ ಕೂತೆವು. ತಾಯಿ ಆ ಇಳಿಜಾರಿನ ತಲೆಯಲ್ಲಿ ಬಂದು ನಿಂತು ಕರೆಯಿತು. ಮರಿ ಕೆಸರಲ್ಲಿ ಒಂದೆರಡು ಸಲ ಮುಗ್ಗರಿಸಿ, ಆ ಮೂಲೆಗೆ ಬಂದು, ಹೊಸ ಮಣ್ಣಿನ ಮೇಲೆ ಕಾಲೂರಿತು. ಅರ್ಧಕ್ಕೆ ಬಂದು ನಿಂತಿತು. ನನ್ನ ಪಕ್ಕದಲ್ಲಿ ಚಾಚಾನ ತುಟಿ ಅಲುಗುತ್ತಿತ್ತು. ಮತ್ತೆ ಹತ್ತಿತು. ಮೇಲೆ ಬಂದ ಮರಿಯನ್ನು ತಾಯಿ ಬಗ್ಗಿ ಒಮ್ಮೆ ಕೊಕ್ಕಿನಿಂದ ಸವರಿ, ಮುಂದೆ ನಡೆಯಿತು. ಮರಿ ಅದರ ಕಾಲ ನೆರಳಿನಲ್ಲೇ ಓಡಿತು. ಕೊಯ್ದ ಕುಸುಬೆಯ ಹೊಲ ದಾಟಿ, ಗಾಯರಾನದ ಹುಲ್ಲಿನಲ್ಲಿ ಮೊದಲು ಮರಿ, ಆಮೇಲೆ ತಾಯಿಯ ಕುತ್ತಿಗೆಯೂ ಕಾಣದಾದವು.

ಕಾವಲಿನ ಹಿರಿಯಳು ಕೆಂಪು ಅರಿವೆಯಿಂದ ಕಣ್ಣು ಒರೆಸಿಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ನಾನು ಕೇಳಿದೆ: "ಅವ್ವಾರ, ಇನ್ನ ಈ ಸೊಟ್ಟ ಭಾಗ ತಗದು ಒಡ್ಡು ನೆಟ್ಟಗ ಹಾಕಿಸಲೇನ್ರಿ? ಮಳಿಗಾಲಕ್ಕ ಇನ್ನಾ ಹೊತ್ತೈತಿ."

ಅವರು ಚಾಚಾನ ಕಡೆ ನೋಡಿದರು.

"ನೀರು ಹಿಡದೈತಿ. ಮತ್ಯಾಕ ಕೆಡವೂದು?" ಎಂದರು ಗೌಡಸಾನಿ. "ಇರಲಿ ಬಿಡು. ಬರೂ ವರ್ಷ ಅದಕ್ಕ ಜಾಗಾ ಹುಡುಕೂ ತ್ರಾಸ ತಪ್ಪತೈತಿ."

ಎರಡು ದಿನ ಕಳೆದು ಮುಂದಿನ ಹೊಲಕ್ಕೆ ಹೋದೆವು. ನಾನು ಯಂತ್ರದ ಮುಕ್ಕಾಲಿಯ ಕಾಲುಗಳನ್ನು ಊರುತ್ತಿದ್ದೆ. ತಲೆ ಎತ್ತಿದಾಗ, ಯಾರೂ ಹೇಳದಿದ್ದರೂ, ತಂಡದ ಹೆಂಗಸರು ಬುಟ್ಟಿಗಳನ್ನು ಬದುವಿನ ಮೇಲೆ ಇಟ್ಟು ಸಾಲಾಗಿ ನಿಂತಿದ್ದರು. ಪಟ್ಟಿ ಹಿಡಿಯುವ ಆಳೂ ಸಾಲಿನ ತುದಿಗೆ ಸೇರಿದ್ದ. ಒಬ್ಬರಿಂದೊಬ್ಬರು ಒಂದು ಕೈ ದೂರದಲ್ಲಿ, ಕಣ್ಣು ನೆಲಕ್ಕಿಟ್ಟು, ನಿಧಾನವಾಗಿ ಇಡೀ ಹೊಲವನ್ನು ಈ ಬದುವಿನಿಂದ ಆ ಬದುವಿನ ತನಕ ನಡೆದರು. ಒಬ್ಬಳು ಬಗ್ಗಿ ಏನನ್ನೋ ನೋಡಿದಳು, ಸಾಲೆಲ್ಲ ನಿಂತಿತು. ಬರೀ ಕಲ್ಲು. ಮತ್ತೆ ನಡೆದರು. ಆಚೆ ಬದು ಮುಟ್ಟಿದ ಮೇಲೆ ಹಿರಿಯಳು ಅಲ್ಲಿಂದಲೇ ಕೂಗಿದಳು:

"ಏನೂ ಇಲ್ಲರಿ ಸಾಹೇಬ್ರ. ಸುರು ಮಾಡ್ರಿ."